ಗೌರಿ ಹಬ್ಬಕ್ಕೆ ಒಂದು ಸಾಲು

ಹೆಬ್ಬೆಟ್ಟಿಗೆ ಮಸಿ ಹತ್ತಿದ ಮೇಲೆ ಗುರುಬಸಮ್ಮ ಕೈ ತಡೆದಳು. "ಇದ್ರೊಳಕ್ಕೆ ಇನ್ನೊಂದ್ ಮಾತ ಸೇರ್ಸವ್ವ," ಎಂದಳು. "ಗೌರಿ ಅಬ್ಬಕ್ಕೆ ವರ್ಸಾವರ್ಸ ನನ್ನ ತವರಿಗೆ ಕರೀಬೇಕು ಅಂತ."

ತಿ. ನರಸೀಪುರಕ್ಕೆ ಮದುವೆಯಾಗಿ ಬಂದ ಕೋಮಲ ತಾಲ್ಲೂಕು ಕಚೇರಿಯ ಎದುರು ಪತ್ರ ಬರೆಯುವ ಅಂಗಡಿ ಇಟ್ಟು ಒಂಬತ್ತು ವರ್ಷ. ಹೆಣ್ಣುಮಕ್ಕಳು ಅಣ್ಣತಮ್ಮಂದಿರಿಗೆ ಜಮೀನಿನ ಪಾಲು ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರಗಳನ್ನು ಎಷ್ಟು ಬರೆದಿದ್ದಳೋ ಅವಳಿಗೇ ನೆನಪಿಲ್ಲ. ಎಲ್ಲದರಲ್ಲೂ ಅದೇ ವಾಕ್ಯ: 'ನನ್ನ ಸ್ವಇಚ್ಛೆಯಿಂದ, ಯಾರ ಬಲವಂತವೂ ಇಲ್ಲದೆ'. ಎಲ್ಲರಿಗೂ ಅದೇ ಮರ್ಯಾದೆ: ಹೆಬ್ಬೆಟ್ಟು ಒತ್ತಿದ ಮೇಲೆ ಒಂದು ಸೀರೆ, ಅರಿಸಿನ ಕುಂಕುಮ. ಗೌರಿ ಹಬ್ಬವನ್ನು ಪತ್ರಕ್ಕೆ ಸೇರಿಸು ಎಂದವರು ಮಾತ್ರ ಈತನಕ ಯಾರೂ ಇರಲಿಲ್ಲ.

ಗುರುಬಸಮ್ಮನ ತಮ್ಮ ರಾಚಯ್ಯ ನಕ್ಕ. ಮುಡುಕುತೊರೆಯ ಒಂದೂವರೆ ಎಕರೆಗೆ ಅವನೂ ಅಕ್ಕನೂ ಇಬ್ಬರೇ ವಾರಸುದಾರರು. "ಅಕ್ಕಂಗೆ ತಮಾಸೆ ಮೇಡಂ. ಕೊಟ್ಟೆಣ್ಣು ಕುಲಕ್ಕೊರಗು ಅಂತಾರೆ, ಆದ್ರೂ ನಾನ್ ಕರೀದೆ ಇದ್ದೀನಾ? ಪ್ರಿಂಟ್ ಆಗೋಗದಲ್ಲ, ಒತ್ತುಸ್ಬುಡಿ."

ಕೋಮಲ ಓದಿದ್ದು ಮಹಿಳಾ ಅಧ್ಯಯನ. ಮೈಸೂರಿನಲ್ಲಿ ಎಂ.ಎ. ಮುಗಿಸಿ ನಂಜನಗೂಡಿನ ತವರಿಗೆ ಬಂದಾಗ ಅಣ್ಣ ಮದನ್, "ಹೆಂಗಸರ ವಿಷಯ ಕಲಿಯೋಕೆ ಯೂನಿವರ್ಸಿಟಿ ಬೇಕಾ? ಅಡುಗೆಮನೆ ಸಾಲ್ದಾ?" ಎಂದು ರೇಗಿಸಿದ್ದ. ಪಾಠ ಹೇಳುವ ಕೆಲಸವಂತೂ ಸಿಗಲಿಲ್ಲ. ಅಪ್ಪ ಹೋದ ಮೇಲೆ ಮದನ್ ಇಂಥದ್ದೇ ಹಾಳೆಯನ್ನು ಅವಳ ಮುಂದಿಟ್ಟ. ಅವಳು ಪೂರ್ತಿ ಓದಿದಳು, ಸಹಿ ಮಾಡಲಿಲ್ಲ, ಪಾಲು ಕೇಳಿ ಪಡೆದಳು. ಅಲ್ಲಿಗೆ ರೇಗಿಸುವುದೂ ನಿಂತಿತು, ಕರೆಯುವುದೂ ನಿಂತಿತು. ಪಾಲು ತೆಗೆದುಕೊಂಡದ್ದಕ್ಕೆ ಅವಳಿಗೆ ಪಶ್ಚಾತ್ತಾಪವಿಲ್ಲ. ಆದರೆ ಗೌರಿ ಹಬ್ಬದ ಬೆಳಿಗ್ಗೆ ನಂಜನಗೂಡಿನ ಬಸ್ಸು ಬಂದು ನಿಂತರೆ ಇಳಿಯುವವರ ಮುಖವನ್ನೆಲ್ಲ ನೋಡುತ್ತಾಳೆ. ಕಣ್ಣಿಗೆ ನಾಚಿಕೆಯಿಲ್ಲ.

ಗುರುಬಸಮ್ಮ ಕೇಳಿದ ಸಾಲಿಗೆ ಕಾನೂನಿನಲ್ಲಿ ಕಾಸಿನ ಬೆಲೆಯಿಲ್ಲ. "ಆಗಲ್ಲಮ್ಮ" ಎಂದಿದ್ದರೆ ಐದು ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು. ಆದರೆ ಹಿಂದೆ ಫೀಲ್ಡ್ ವರ್ಕಿಗೆ ಹಳ್ಳಿಗಳಿಗೆ ಕಳಿಸುವಾಗ ಮೇಡಂ ಒಬ್ಬರು ಹೇಳುತ್ತಿದ್ದರು: ಹೆಂಗಸು ಹೇಳಿದ್ದನ್ನು ತಿದ್ದಬೇಡಿ, ಹೇಳಿದ ಹಾಗೇ ಬರೆದುಕೊಳ್ಳಿ, ನಿಮ್ಮ ಪ್ರಶ್ನಾವಳಿಯಲ್ಲಿ ಅದಕ್ಕೆ ಜಾಗವಿಲ್ಲದಿದ್ದರೆ ತಪ್ಪು ಪ್ರಶ್ನಾವಳಿಯದು. ಎಂ.ಎ.ಯಿಂದ ಅನ್ನ ಹುಟ್ಟದಿದ್ದರೂ ಈ ಮಾತು ಅವಳನ್ನು ಬಿಟ್ಟಿರಲಿಲ್ಲ. ಕೋಮಲ ಆ ಸಾಲನ್ನು ಟೈಪ್ ಮಾಡಿ, ಹೊಸದಾಗಿ ಪ್ರಿಂಟ್ ತೆಗೆದು, ಗಟ್ಟಿಯಾಗಿ ಓದಿದಳು.

ರಾಚಯ್ಯನ ನಗು ಇಳಿಯಿತು. "ಇದ್ಯಾಕ್ ಮೇಡಂ? ನಾಳೆ ನನ್ ಮಕ್ಳಿಗೂ ಗಂಟ್ ಬೀಳ್ತದೆ."

"ಕರೀತೀನಿ ಅಂದ್ಯಲ್ಲೋ," ಎಂದಳು ಗುರುಬಸಮ್ಮ. "ಕರ್ಯಾದಾದ್ರೆ ಬರ್ಯಾಕೇನಡ್ಡಿ?"

"ಬಾಯ್ಮಾತ್ ಸಾಲ್ದಾ?"

"ಬಾಯ್ಮಾತ್ ಸಾಲೋದಾದ್ರೆ ಜಮೀನೂ ಬಾಯ್ಮಾತಲ್ಲೇ ಇಸ್ಕೊ."

ರಾಚಯ್ಯ ನೆಲ ನೋಡಿದ. ಗುರುಬಸಮ್ಮ ಅವನ ಮುಖವನ್ನೇ ನೋಡುತ್ತಿದ್ದಳು; ಅವಳ ಸೊಂಟದ ಮೇಲೆ ಬೆಳೆದ ಕೂಸು ಅದು. ಅವನು 'ಆಗ್ಲಿ ಬುಡು' ಎಂದಿದ್ದರೆ ಆ ಕ್ಷಣವೇ ಒತ್ತಿಬಿಡುತ್ತಿದ್ದಳು. ಅವನು ಅನ್ನಲಿಲ್ಲ. ಅವಳು ಹೆಬ್ಬೆಟ್ಟಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡಳು. ರಾಚಯ್ಯ ಸೀರೆಯ ಕವರನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಗೆ ಹೋದ. ಬರುವಾಗ ಅಕ್ಕನನ್ನು ಹಿಂದೆ ಕೂರಿಸಿಕೊಂಡು ಬಂದಿದ್ದ ಬೈಕು, ಒಬ್ಬನನ್ನೇ ಹೊತ್ತು ಹೋಯಿತು.

ಗುರುಬಸಮ್ಮ ಬೈಕು ಹೋದ ದಾರಿಯನ್ನೇ ನೋಡಿದಳು.

"ಇನ್ ಕರ್ಯಾಕಿಲ್ಲ ಅಲ್ವಾ ಅವ್ನು?"

ಸುಳ್ಳು ಹೇಳಲು ಕೋಮಲಳಿಗೆ ಬಾಯಿ ಬರಲಿಲ್ಲ. "ಕರೆಯೋದು ಕಷ್ಟ ಅಮ್ಮ. ನಮ್ಮಣ್ಣ ನನ್ನನ್ನ ಕರೆದು ಆರು ವರ್ಷ ಆಯ್ತು."

"ನೀನೂ ಇಂಗೇ ಮಾಡಿದ್ಯಾ?"

"ಹೂಂ."

"ಎಂಗವ್ವ ತಡ್ಕೊಂಡಿದ್ದೀಯೆ?"

"ದಿನಾ ತಡ್ಕೊಬಹುದು. ಹಬ್ಬದ ದಿನ ಆಗಲ್ಲ."

ಗುರುಬಸಮ್ಮ ಬೆಂಚಿನ ಮೇಲೆ ಪಕ್ಕಕ್ಕೆ ಸರಿದಳು. ತಮ್ಮ ಕೂತಿದ್ದ ಜಾಗವನ್ನು ಸೆರಗಿನಿಂದ ಒರೆಸಿದಳು. ಕೋಮಲ ಕುರ್ಚಿಯಿಂದೆದ್ದು ಬಂದು ಅಲ್ಲಿ ಕೂತಳು.