ಬೆನ್ನ ಹಿಂದಿನ ಕೈ

ಪರದೆಯ ಹಿಂದೆ ಮಂಡಿಯೂರಿ ಕೂತು ಆರು ನಿಮಿಷವಾಗಿತ್ತು. ಪರದೆಯ ಸೀಳಿನಿಂದ ಹೊರಚಾಚಿದ ಉಪದೇಶಿಯ ಬಲಗೈ, ಮುಂದೆ ನಿಂತಿದ್ದ ಹೆಂಡತಿಯ ಬೆನ್ನಿಗೆ ಆಸರೆಯಾಗಿತ್ತು. ಆಚೆ ಮನೆಯೊಡತಿ ತನ್ನ ಭಾಷೆಯಲ್ಲಿ ಗೊಣಗುತ್ತ ಕ್ಯಾಮೆರಾ ಸರಿಮಾಡುತ್ತಿದ್ದಳು. ದಿನಾ ಮಂಡಿಯೂರುವವನಿಗೆ ಇವತ್ತು ಯಾಕೋ ಮಂಡಿ ನೋಯುತ್ತಿತ್ತು.

ತಪ್ಪು ಅವನದೇ. ಸುವಾರ್ತೆ ಸಾರಲು ಇಬ್ಬರನ್ನೂ ಈ ದೂರದೇಶಕ್ಕೆ ಕಳಿಸಿದ್ದು ಊರಿನ ಕ್ರೈಸ್ತ ಸಭೆಯವರು. ತಿಂಗಳಿಗೊಂದು ಪತ್ರ ಬರೆಯಬೇಕು. ಅದು ಅಲ್ಲಿಗೆ ಮುಟ್ಟಿ, ಅಚ್ಚಾಗಿ, ಭಾನುವಾರ ಓದಿಸಿಕೊಳ್ಳುವಷ್ಟರಲ್ಲಿ ಐದು ವಾರ. ಹಾಗಾಗಿ ಆಗಬೇಕಾದ್ದನ್ನು ಆಗಿದೆ ಎಂದೇ ಬರೆಯುವುದು ಅವನ ರೂಢಿ. ಇನ್ನೂ ಬಾಗಿಲು ತೆರೆಯದ ಸಂಡೇ ಸ್ಕೂಲು ಪತ್ರದಲ್ಲಿ ಸೊಗಸಾಗಿ ನಡೆಯುತ್ತಿರುತ್ತಿತ್ತು. ಓದುವ ಹೊತ್ತಿಗೆ ನಿಜಕ್ಕೂ ನಡೆಯುತ್ತಿತ್ತು.

ಕಾಯಿಲೆಯ ಹೆಂಡತಿ ಒಂದು ದಿನ ಎರಡು ತುತ್ತು ಹೆಚ್ಚಿಗೆ ಉಂಡಳು. ಅಷ್ಟಕ್ಕೇ ಬರೆದುಬಿಟ್ಟ: ನಿಮ್ಮ ಪ್ರಾರ್ಥನೆಯಿಂದ ಗುಣವಾಗಿದ್ದಾಳೆ, ಎದ್ದು ಓಡಾಡುತ್ತಿದ್ದಾಳೆ. ಕೂಸು ಹುಟ್ಟುವ ಮುಂಚೆ ಕುಲಾವಿ.

ಐದು ವಾರದಲ್ಲಿ ಅವಳು ಹಾಸಿಗೆ ಹಿಡಿದಳು, ಅಲ್ಲಿ ಸಭೆಯವರು ಗುಣವಾದಳೆಂದು ಸ್ತೋತ್ರಾರಾಧನೆ ಮಾಡಿ ಮುಗಿಸಿದರು. ನಿನ್ನೆ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು: ಊರು ಕಾಣಿಸಬೇಕಿದ್ದರೆ ಈ ತಿಂಗಳೇ ಕರೆದುಕೊಂಡು ಹೋಗಿ, ಆಮೇಲೆ ಅವರಿಗೆ ಪ್ರಯಾಣ ತಡೆದುಕೊಳ್ಳಲಾಗುವುದಿಲ್ಲ. ಕರೆಸಿಕೊಳ್ಳಬೇಕಾದವರು ಸಭೆಯವರು. ಗುಣವಾದವಳನ್ನು ಯಾಕೆ ಕರೆಸಿಯಾರು? ಇವತ್ತು ಬೆಳಿಗ್ಗೆ ಸಭೆಯ ಹಿರಿಯರ ಕಾಗದ ಬಂತು. ಅವಳು ನಿಂತಿರುವ ಫೋಟೋ ಕಳಿಸಬೇಕಂತೆ, ಗೋಡೆಗೆ ಹಾಕುತ್ತಾರಂತೆ, ಕಾಯಿಲೆಯವರಿಗೆ ಧೈರ್ಯ ಬರುತ್ತದಂತೆ.

ಅವನು ಎರಡನ್ನೂ ಅವಳಿಗೆ ಹೇಳಿದ. ಬೈದರೆ ಸಾಕು, ಸತ್ಯ ಬರೆದುಬಿಡುತ್ತೇನೆ ಅಂದುಕೊಂಡಿದ್ದ.

ಅವಳು ಬೈಯಲಿಲ್ಲ. "ನಮ್ಮಮ್ಮನೂ ಆರಾಧನೆಗೆ ಬಂದಿರ್ತಾರೆ ಅಲ್ವಾ?"

"ಬಂದಿರ್ತಾರೆ."

"ಎಷ್ಟು ಖುಷಿಪಟ್ಟಿರ್ತಾರೋ." ಹೊದಿಕೆ ಸರಿಸಿದಳು. "ನಿಮ್ಮನ್ನ ಸುಳ್ಳುಗಾರ ಅನ್ನಿಸಿ ನಾನು ಅಲ್ಲಿಗೆ ಹೋಗಲ್ಲ. ನೀಲಿ ಸೀರೆ ತೆಗೀರಿ."

ಅವನೇ ಸೀರೆ ಉಡಿಸಿದ. ನೆರಿಗೆಗಳು ಮತ್ತೆ ಮತ್ತೆ ಜಾರಿದವು. ಇಪ್ಪತ್ತು ವರ್ಷ ಸಭೆಗೆ ಪ್ರಸಂಗ ಮಾಡಿದವರಿಗೆ ನಾಲ್ಕು ನೆರಿಗೆ ಹಿಡಿಯೋಕೆ ಬರಲ್ಲವಲ್ಲ ಎಂದು ಅವಳು ಛೇಡಿಸಿದಳು. ಅವಳ ಸೊಂಟ ಎಷ್ಟು ಸಣ್ಣದಾಗಿತ್ತೆಂದರೆ ಸೆರಗು ನೆಲ ಮುಟ್ಟಿತು.

ಕ್ಯಾಮೆರಾ ಕ್ಲಿಕ್ಕೆಂದಿತು. ಅದರ ಬಾಯಿಂದಲೇ ಹೊರಬಂದ ಫೋಟೋವನ್ನು ಮನೆಯೊಡತಿ ಮಂಚದ ಮೇಲಿಟ್ಟು, ಅವಳ ಕೆನ್ನೆ ತಟ್ಟಿ ಹೋದಳು. ಅವನು ಹೆಂಡತಿಯನ್ನು ಮಂಚದ ಅಂಚಿಗೆ ಕೂರಿಸಿ, ಬೆನ್ನಿಗೆ ಕೈ ಕೊಟ್ಟೇ ಪಕ್ಕದಲ್ಲಿ ಕೂತ. ಇಬ್ಬರೂ ನೋಡಿದರು. ಅವಳು ನೆಟ್ಟಗೆ ನಿಂತು ನಗುತ್ತಿದ್ದಾಳೆ. ಪಕ್ಕೆಯ ಬಳಿ ನಾಲ್ಕು ಬೆರಳು. ಬೆರಳಿನ ಹಿಂದೆ ಯಾರೂ ಇಲ್ಲ.

"ಇನ್ನೊಂದು ತೆಗೆಸೋಣ," ಎಂದ.

"ಇನ್ನೊಂದ್ಸಲ ನಿಲ್ಲೋಕಾಗಲ್ಲ ನನಗೆ." ಫೋಟೋವನ್ನು ಹತ್ತಿರ ಹಿಡಿದುಕೊಂಡಳು. "ಕೈ ಯಾರದು ಅಂತ ಅವರು ಕೇಳಲ್ಲ ಬಿಡಿ. ಪ್ರಾರ್ಥನೆ ಮಾಡಿದವರಲ್ವಾ, ಅವರಿಗೆ ಗೊತ್ತು."

ಹಾಗೇ ಅವಳಿಗೆ ಜೊಂಪು ಹತ್ತಿತು; ಇಡೀ ಭಾರ ಅವನ ಅಂಗೈ ಮೇಲೆ ಬಂತು. ಇಡೀ ಭಾರವೆಂದರೂ ಹೆಚ್ಚೇನಿರಲಿಲ್ಲ. ಎಡಗೈಯಿಂದ ಫೋಟೋವನ್ನು ಲಕೋಟೆಗೆ ತೂರಿಸಿದ. ಅಂಚೆಯವನು ಬರಲು ಇನ್ನು ಕಾಲು ಗಂಟೆ. ಲಕೋಟೆ ಅಂಟಿಸಲು ಎರಡು ಕೈ ಬೇಕಿತ್ತು.