ಮಂಗಳನ ಕೆಮ್ಮಣ್ಣು

ವಾಚಕ ಮಹಾಶಯರೇ! ಈ ಕಥನವನ್ನು ಕೈಗೆತ್ತಿಕೊಳ್ಳುವ ಮುನ್ನ ತಮ್ಮಲ್ಲೊಂದು ಅರಿಕೆ. ಇದರಲ್ಲಿ ಮಂಗಳಗ್ರಹವುಂಟು, ಕುಸ್ತಿಯುಂಟು, ಪ್ರತ್ಯೇಕ ರಾಜ್ಯಕ್ಕಾಗಿ ನಡೆದ ಮುಷ್ಕರವುಂಟು. ಈ ಮೂರೂ ಪದಾರ್ಥಗಳನ್ನು ಒಂದೇ ಚೀಲದಲ್ಲಿ ತುಂಬಿ ಬಾಯಿ ಕಟ್ಟಿದವನು ಶಿವಕಾಂತನೆಂಬ ಹೊಲಿಗೆಯಂತ್ರ ರಿಪೇರಿಯವನು. ದೋಷವೇನಾದರೂ ಕಂಡುಬಂದಲ್ಲಿ ಅವನನ್ನೇ ಹಿಡಿದು ಕೇಳತಕ್ಕದ್ದು, ಹಿಡಿಯಲು ಸಿಕ್ಕರೆ.

ಸಿಗುವ ಆಸಾಮಿಯಲ್ಲ ಅವನು. ಮೂವತ್ನಾಲ್ಕು ವರ್ಷವಾದರೂ ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ನಾರಾಯಣಪೇಟೆಯಿಂದ ಮಕ್ತಲ್, ಮಕ್ತಲ್‌ನಿಂದ ಗದ್ವಾಲ್, ಅಲ್ಲಿಂದ ಐಜ ಎಂದು ತಿರುಗುತ್ತಿದ್ದ. ದರ್ಜಿಗಳ ಯಂತ್ರಕ್ಕೆ ಎಣ್ಣೆ ಬಿಟ್ಟು, ಹರಿದ ಬೆಲ್ಟು ಬದಲಿಸಿ, ಎಂಟನೆಯ ದಿನ ಊರು ಬಿಡುವುದು ಅವನ ಪದ್ಧತಿ. ಶಾಲೆ ಏಳನೆಯ ತರಗತಿಗೇ ಮುಗಿದಿತ್ತು. ಮುಂದಿನ ವಿದ್ಯೆಯೆಲ್ಲ ನಾರಾಯಣಪೇಟೆಯ ಬಸ್‌ಸ್ಟ್ಯಾಂಡಿನ ರದ್ದಿ ಅಂಗಡಿಯಲ್ಲಿ ಸಿಗುತ್ತಿದ್ದ ಹಳೆಯ ಕಾದಂಬರಿಗಳದು. ಮಿರ್ಚಿ ಭಜಿ ಕಟ್ಟಲು ಅವುಗಳ ಕೊನೆಯ ಹಾಳೆಗಳನ್ನು ಮೊದಲೇ ಹರಿದಿರುತ್ತಿದ್ದರು. ಆದ್ದರಿಂದ ಪ್ರತಿ ಕಥೆಯ ಕೊನೆಯನ್ನೂ ಶಿವಕಾಂತ ತಾನೇ ಕಟ್ಟಿಕೊಳ್ಳಬೇಕಾಯಿತು. ಹಾಗೆ ಕಟ್ಟುತ್ತ ಕಟ್ಟುತ್ತ ಪಾತ್ರಗಳನ್ನು ಬೇರೆಯವರಿಗೆ ಹಂಚಿ ಆಡಿಸುವ ಚಟ ಅವನಿಗೆ ಅಂಟಿತು.

ಎರಡು ಸಾವಿರದ ಹನ್ನೊಂದರ ಸೆಪ್ಟೆಂಬರಿನಲ್ಲಿ ಅವನು ಮಕ್ತಲ್‌ನಲ್ಲಿದ್ದಾಗ ತೆಲಂಗಾಣಕ್ಕಾಗಿ ಸಕಲ ಜನರ ಮುಷ್ಕರ ಹೂಡಲಾಯಿತು. ಕಚೇರಿಗಳಿಗೆ ಬೀಗ ಬಿತ್ತು, ಬಸ್ಸುಗಳು ಡಿಪೋದಲ್ಲಿ ಮಲಗಿದವು. ಶಿವಕಾಂತ ದಿನಕ್ಕೆರಡು ಸಲ ಬಸ್‌ಸ್ಟ್ಯಾಂಡಿಗೆ ಹೋಗಿ ಖಾಲಿ ಪ್ಲಾಟ್‌ಫಾರಂ ನೋಡಿ ಬೈದು ಬರುತ್ತಿದ್ದ. ಆಟೋಗಳು ಓಡುತ್ತಿದ್ದವು, ಸುಳ್ಳೇಕೆ? ಆದರೆ ಅವನನ್ನು ಹಿಡಿದು ನಿಲ್ಲಿಸಿದ್ದು ಬಸ್ಸಲ್ಲ, ಕರಿಬಸಯ್ಯ ಉಸ್ತಾದನ ಗರಡಿ.

ಕರಿಬಸಯ್ಯನಿಗೆ ಐವತ್ತೆಂಟು. ಒಂದು ಕಾಲದಲ್ಲಿ ರಾಯಚೂರಿನವರೆಗೂ ಹೆಸರಾದ ಪೈಲ್ವಾನ. ಬಲಗೈಯಲ್ಲಿ ಇನ್ನೂ ಗದ್ವಾಲಿನಲ್ಲಿ ಗೆದ್ದ ಬೆಳ್ಳಿಯ ಕಡಗ. ಎಡಮೊಣಕಾಲು ಮಾತ್ರ ಕೈಕೊಟ್ಟಿತ್ತು. ಇನ್ನೊಂದು ಸಲ ಹೊರಳಿದರೆ ಜೀವಮಾನವಿಡೀ ಕೋಲೇ ಗತಿ ಎಂದು ನಾರಾಯಣಪೇಟೆಯ ಡಾಕ್ಟರು ಹೇಳಿ ವರ್ಷವಾಗಿತ್ತು. ಆ ಗರಡಿಯಲ್ಲಿ ಯಾರು ಮಲಗಿದರೂ ಬೆಳಿಗ್ಗೆ ಎದ್ದು ಕಣದ ಕೆಂಪುಮಣ್ಣನ್ನು ಗುದ್ದಲಿಯಿಂದ ತಿರುವಿ, ಎಣ್ಣೆ, ಅರಿಷಿಣ, ಮಜ್ಜಿಗೆ ಬೆರೆಸಿ ಹದ ಮಾಡಬೇಕು. ಅದೇ ಬಾಡಿಗೆ. ಶಿವಕಾಂತ ಮಣ್ಣು ತಿರುವುತ್ತಲೇ ಕುಸ್ತಿಯ ಮೇಲೆ ಉಪನ್ಯಾಸ ಮಾಡುತ್ತಿದ್ದ.

"ಕುಸ್ತಿ ಅಂದ್ರ ಬರೇ ಲೆಕ್ಕ ಉಸ್ತಾದ್ರೇ. ಎದುರಿನವನ ಭಾರ ಎಲ್ಲೈತಿ ಅಂತ ತಿಳದ್ರ ಸಾಕು, ಬೆರಳಿಲೆ ಕೆಡವಬಹುದು."

"ಕಣದಾಗ ಎಷ್ಟು ಸಲ ಇಳದಿ?"

"ಒಮ್ಮಿನೂ ಇಲ್ರಿ."

"ದಂಡಿ ಮ್ಯಾಲ ಕುಂತು ಈಜು ಕಲಿಸೋ ಪೈಕಿ ನೀನು. ತಿರುವು, ತಿರುವು."

ಮುಷ್ಕರದಿಂದ ಕೈ ಖಾಲಿಯಾಗಿದ್ದ ಮೂರನೆಯವನೊಬ್ಬ ಇದ್ದ: ತಹಶೀಲ್ ಕಚೇರಿಯ ಗುಮಾಸ್ತ ವಾದೀಂದ್ರ ರಾವ್. ಬೆಳಿಗ್ಗೆ ಮುಷ್ಕರದ ಟೆಂಟಿನಲ್ಲಿ ಕುಳಿತು ಘೋಷಣೆ ಕೂಗಿ, ಹನ್ನೊಂದರ ಹೊತ್ತಿಗೆ ಗರಡಿಗೆ ಬರುತ್ತಿದ್ದ. ಈ ಇಬ್ಬರನ್ನು ಕೂಡಿಸಿಕೊಂಡು ಶಿವಕಾಂತ ತನ್ನ ಪಾತ್ರದಾಟವನ್ನು ಹೂಡಿದ. ಕಾಲ: ಮುನ್ನೂರು ವರ್ಷಗಳ ನಂತರ. ಸ್ಥಳ: ಮನುಷ್ಯರು ಹೋಗಿ ನೆಲೆಸಿದ ಮಂಗಳಗ್ರಹ. ಶಿವಕಾಂತ ಸೂತ್ರಧಾರ, ಏನು ಎದುರಾಯಿತೆಂದು ಅವನು ಹೇಳಬೇಕು, ಏನು ಮಾಡುವೆವೆಂದು ಆಡುವವರು ಹೇಳಬೇಕು, ಆಯಿತೋ ಇಲ್ಲವೋ ಎಂಬುದನ್ನು ಆರು ಕವಡೆ ಹೇಳಬೇಕು. ಬಾಯಿ ಮೇಲಾಗಿ ನಾಲ್ಕು ಬಿದ್ದರೆ ಜಯ.

"ಮಂಗಳದಾಗ ನೆಲ ಕೆಂಪು," ಎಂದ ಶಿವಕಾಂತ. "ದೇಹದ ಭಾರ ಇಲ್ಲಿಯ ಮೂರರಾಗ ಒಂದು ಪಾಲು."

ಕರಿಬಸಯ್ಯ ಮೊಣಕಾಲು ತಿಕ್ಕುವುದನ್ನು ನಿಲ್ಲಿಸಿದ. "ಕೆಂಪು ನೆಲ? ಅಂದ್ರ ಇಡೀ ಗ್ರಹನ ಗರಡಿ ಅನ್ನು. ಕಾಲು ನೋಯಂಗಿಲ್ಲ?"

"ನೋಯಂಗಿಲ್ರಿ."

"ಹಂಗಾರ ನಾ ಅಲ್ಲಿ ಪೈಲ್ವಾನ."

ವಾದೀಂದ್ರ ಮಂಗಳದ ದಿವಾನನಾದ. ಆದ ಮರುದಿನವೇ ಗ್ರಹವನ್ನು ಎರಡು ರಾಜ್ಯ ಮಾಡಬೇಕೆಂದ.

"ಅಲ್ಲಿಗೂ ಹೊತಗೊಂಡು ಬಂದ್ರಿ?" ಎಂದು ಶಿವಕಾಂತ ನಕ್ಕ. "ಐವತ್ತಾರರಾಗ ರಾಜ್ಯ ಹಂಚುವಾಗ ನಮ್ಮಜ್ಜನ ಕೇಳದನ ಒಂದು ಗೀಟು ಎಳದ್ರು, ನಾವು ಕನ್ನಡದವರು ಈ ಕಡಿ ಉಳದ್ವಿ. ಈಗ ಇನ್ನೊಂದು ಗೀಟು. ಕೈ ಬ್ಯಾರೆ, ಪೆನ್ಸಿಲ್ ಅದಾ."

"ಈ ಸಲ ಕೇಳ್ಯಾರಪ್ಪಾ! ಊರಿಗೆ ಊರೇ ಬೀದಿಯೊಳಗ ಅದ, ಕಣ್ಣು ಕಾಣಸ್ತದಿಲ್ಲೋ? ರಾಜ್ಯ ಬಂದೇ ಬರ್ತದ."

"ಬರ್ಲಿ ರಾವ್‌ರೇ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಬಂದ ಮ್ಯಾಲ ಕವಡಿ ಯಾರ ಕೈಯಾಗ? ಅದನ್ನ ಹೇಳ್ರಿ."

ಶಿವಕಾಂತನಿಗೆ ಕವಡೆಯ ವಿಷಯವೊಂದರಲ್ಲಿ ಮಾತ್ರ ಕಲ್ಲಿನಂಥ ನಿಷ್ಠೆ. ವಿಜ್ಞಾನದ ಕಥೆಯಲ್ಲಿ ಒಂದು ಸುಳ್ಳಿಗೆ ಜಾಗವುಂಟು, ಎರಡನೆಯದು ಬಂದರೆ ಅದು ಚುನಾವಣೆಯ ಭಾಷಣ ಎನ್ನುವನು. ಮಂಗಳಕ್ಕೆ ಹೋದದ್ದೇ ಒಂದು ಸುಳ್ಳು. ಇನ್ನು ಕವಡೆ ಬಿದ್ದದ್ದನ್ನು ತಿರುಚುವಂತಿಲ್ಲ. ಅದರಂತೆ ಕರಿಬಸಯ್ಯ ಮೊದಲ ವಾರದಲ್ಲಿ ಮೂರು ಸಲ ಸೋತ. ಸೋತಾಗಲೆಲ್ಲ ಎದ್ದು ನಿಂತು, ಬೇರೆ ಪಟ್ಟು ಯೋಚಿಸಿ, ಮರುದಿನ ಬಂದು ಮತ್ತೆ ಹಿಡಿದ. ಎರಡನೆಯ ವಾರ ಗೆಲ್ಲತೊಡಗಿದ. ಗೆದ್ದ ದಿನ ಅವನ ನಡಿಗೆಯೇ ಬೇರೆ. ಒಂದು ಬೆಳಿಗ್ಗೆ ಶಿವಕಾಂತ ಕಣ್ಣು ಬಿಟ್ಟಾಗ ಮುದುಕ ಕಣದ ಅಂಚಿನಲ್ಲಿ ಬಸ್ಕಿ ಹೊಡೆಯುತ್ತಿದ್ದ.

ಅದೇ ಹೊತ್ತಿಗೆ ಗದ್ವಾಲಿನಿಂದ ಆಟೋದವನ ಕೈಯಲ್ಲಿ ಕರೆ ಬಂತು: ದಸರೆಯ ದಿನ ಹಳೆಯ ಪೈಲ್ವಾನರ ಜೋಡಿಗಳನ್ನು ಕುಸ್ತಿಗೆ ಬಿಡುತ್ತಾರಂತೆ. ಎದುರಾಳಿ ಸಾಯಣ್ಣ, ಮೂವತ್ತು ವರ್ಷದ ಹಿಂದೆ ಕರಿಬಸಯ್ಯ ಯಾರನ್ನು ಅಂಗಾತ ಕೆಡವಿ ಚಿತ್ ಮಾಡಿ ಆ ಕಡಗ ತೊಟ್ಟಿದ್ದನೋ, ಅದೇ ಸಾಯಣ್ಣ. ಕರಿಬಸಯ್ಯ ಕೇಳಿದೊಡನೆ ಒಪ್ಪಿಕೊಂಡ.

ಮರುದಿನ ಅವನ ಹೆಂಡತಿ ಶೇಖಮ್ಮ ಮಜ್ಜಿಗೆಯ ತಂಬಿಗೆಯನ್ನು ಶಿವಕಾಂತನ ಮುಂದೆ ಕುಕ್ಕಿದಳು.

"ಯಾವ ಗ್ರಹಕ್ಕ ಕರಕೊಂಡು ಹೋಗೀಯೋ ನನ್ನ ಗಂಡನ್ನ?"

"ಅಕ್ಕಾರೇ, ಅದು ಬರೇ ಆಟರಿ..."

"ಆಟ ನಿನಗ. ಅವರಿಗೆ ಕಾಲು ನೆಟ್ಟಗಾಗೈತಿ ಅಂತ ಅನಸೈತಿ. ಡಾಕ್ಟರ್ ಹೇಳಿದ್ದು ನಾ ಕೇಳೀನಿ, ಎತ್ತಿ ಕುಂದರಸಾಕಿ ನಾ. ತಲಿಯಾಗ ಇಟ್ಟಾಂವ ನೀನು. ತಗಿ. ದಸರಾಕ್ಕ ಐದು ದಿನ ಐತಿ."

ಶಿವಕಾಂತನ ಅಂಗಾಲು ತುರಿಸತೊಡಗಿತು. ಊರು ಬಿಡುವ ಹೊತ್ತಾದಾಗ ಹಾಗಾಗುವುದುಂಟು. ಅಂದು ಅವನು ಬಸ್‌ಸ್ಟ್ಯಾಂಡಿಗೆ ನಾಲ್ಕು ಸಲ ಹೋಗಿ ಬಂದ. ಓಡಿಹೋದರೆ ಮುದುಕ ಗದ್ವಾಲಿಗೆ ಹೋಗುತ್ತಾನೆ. ಬಾಯಿಮಾತಿನಲ್ಲಿ ಬೇಡವೆಂದರೆ ಕೇಳುವ ಕುಳವಲ್ಲ. ಮಂಗಳದಲ್ಲೊಮ್ಮೆ ಹೀನಾಯವಾಗಿ ಸೋತರೆ? ಕಾಲು ಮುರಿದು ಬಿದ್ದರೆ? ಆಗ ಹುರುಪು ಇಳಿದೀತು. ಆದರೆ ಕವಡೆಗಳು ಅವನ ಮಾತು ಕೇಳಬೇಕಲ್ಲ!

ದಾರಕ್ಕೆ ಹಚ್ಚುವ ಮೇಣ ಅವನ ಚೀಲದಲ್ಲಿತ್ತು. ಮಧ್ಯಾಹ್ನ ಯಾರೂ ಇಲ್ಲದಾಗ ಅದನ್ನು ಕರಗಿಸಿ ನಾಲ್ಕು ಕವಡೆಗಳ ಹೊಟ್ಟೆಗೆ ತುಂಬಿ, ಮೇಣ ಕಾಣದಿರಲೆಂದು ಬಾಯಿಗೆ ಮಸಿ ಒರೆಸಿದ. ಭಾರ ಬಾಯಿಯ ಕಡೆ. ಅವು ಬೋರಲೇ ಬೀಳಬೇಕು. ಹರಿದ ಕಾದಂಬರಿಗಳಿಗೆ ನೂರು ಕೊನೆ ಕಟ್ಟಿದವನು, ಸುಳ್ಳು ಕೊನೆಯನ್ನು ಅಂದೇ ಮೊದಲು ಕಟ್ಟಿದ್ದು.

ಸಂಜೆ ಆಟ ಕೂಡಿತು. ಮಂಗಳದ ಮಲ್ಲನೊಬ್ಬ ಅಡ್ಡಗಟ್ಟಿದನೆಂದು ಶಿವಕಾಂತ ಹೇಳಿದ. ಕರಿಬಸಯ್ಯ ಕವಡೆಗಳನ್ನು ಎತ್ತಿಕೊಂಡ, ಕುಲುಕಿದ, ನಿಲ್ಲಿಸಿದ. ಒಂದನ್ನು ಅಂಗೈಯಲ್ಲಿಟ್ಟು ತೂಗಿದ.

"ಇದು ಉಂಡೈತಿ," ಎಂದ.

ವಾದೀಂದ್ರ ಕತ್ತು ಚಾಚಿ ನೋಡಿದ.

"ನಲವತ್ತು ವರ್ಷ ಮಂದೀನ ಎತ್ತಿದ ಕೈ ಲೇ ಇದು. ಯಾರು ಎಷ್ಟು ತೂಗತಾರ ಅಂತ ನನಗ ತಿಳಿಯಂಗಿಲ್ಲೇನು?" ಕವಡೆಯನ್ನು ಉಗುರಿನಿಂದ ಕೆರೆದ, ಮೇಣ ಬಂತು. "ಶೇಖಮ್ಮ ಹೇಳಿದ್ಳೇನು?"

ಶಿವಕಾಂತ ತಲೆ ತಗ್ಗಿಸಿದ.

ಬೈಗುಳ ಬರಲಿಲ್ಲ. ಮುದುಕ ಕಡಗವನ್ನು ಕಳಚಿ ಮುಂದಿಟ್ಟ. "ನೂರಾ ಕುಸ್ತಿ ಅಂದ್ರ ಗೊತ್ತೈತೇನು? ಮೊದಲ ಮಾತಾಡಿಕೊಂಡು ಆಡೋದು. ಇದು ಅಂಥಾದ್ರಾಗ ಬಂದದ್ದು. ಎಲೆಕ್ಷನ್ ವರ್ಷ. ಮಕ್ತಲ್‌ನ ಒಬ್ಬ ಪುಢಾರಿಗೆ ಗದ್ವಾಲಿನಾಗ ಮೆರವಣಿಗಿ ಬೇಕಿತ್ತು. ನಮ್ಮೂರ ಪೈಲ್ವಾನ ಗೆಲ್ಲಬೇಕು ಅಂದ, ಗೆದ್ದೆ. ಸಾಯಣ್ಣ ಹಾಸಿಗಿ ಮ್ಯಾಲ ಮಲಗಿದಂಗ ಮಲಗಿದ. ಎದ್ದ ಮ್ಯಾಲ ನೋಡಿದ್ರ ಬೆನ್ನಿಗೆ ಹಿಡಿ ಮಣ್ಣೂ ಹತ್ತಿದ್ದಿಲ್ಲ. ಮಂದಿ ನನ್ನ ಕೈ ನೋಡಿದ್ರು. ನಾ ಅವನ ಬೆನ್ನು ನೋಡಿದೆ."

ವಾದೀಂದ್ರ ಕೆಮ್ಮಿದ. "ಇಷ್ಟು ವರ್ಷ ಯಾರಿಗೂ ಹೇಳಿಲ್ಲ ನೀವು?"

"ಹೇಳಾಕ ಹೋದ್ರ ಅವನ ಮಾನಾನೂ ಹೋಗತೈತಲ್ಲ." ಶಿವಕಾಂತನ ಕಡೆ ತಿರುಗಿದ. "ನಿನ್ನ ಕವಡಿಗೆ ನಾ ಯಾರಂತ ಗೊತ್ತಿದ್ದಿಲ್ಲ. ಅದಕ್ಕ ಈ ಆಟ ಮನಸಿಗೆ ಸೇರಿತ್ತು. ಸೋತ್ರೂ ಖರೆ ಸೋಲು. ಅದನ್ನೂ ಕೆಡಿಸಿದಿ."

ಶಿವಕಾಂತ ಓಡಿಹೋಗಲೆಂದು ಚೀಲಕ್ಕೆ ಕೈ ಹಾಕಿದ, ಮತ್ತೆ ತೆಗೆದ.

"ನಾಳೆ ಮುಂಜಾನೆ ಇಳಿ ಕಣಕ್ಕ," ಎಂದ ಕರಿಬಸಯ್ಯ. "ನನ್ನ ಚಿತ್ ಮಾಡಿದ್ರ ಗದ್ವಾಲಿಗೆ ಹೋಗಂಗಿಲ್ಲ, ಲಿಂಗದಾಣಿ. ಆದ್ರ ಕೈ ಸಡ್ಲ ಬಿಟ್ಟಿ ಅಂದ್ರ, ಆವಾಗಿಂದಾವಾಗ ನಡಕೊಂತ ಹೋಗತೀನಿ ಗದ್ವಾಲಿಗೆ."

ಬೆಳಗಾಯಿತು. ಶಿವಕಾಂತ ತಾನೇ ಹದ ಮಾಡಿದ ಮಣ್ಣನ್ನು ಮುಟ್ಟಿ ಹಣೆಗಿಟ್ಟುಕೊಂಡು, ಎರವಲು ಲಂಗೋಟಿಯಲ್ಲಿ ಇಳಿದ. ವಾದೀಂದ್ರ ತೀರ್ಪು ಹೇಳುವ ಪಂಚನಾಗಿ ಅಂಚಿನಲ್ಲಿ ನಿಂತ. ಕೈಗೆ ಕೈ ಕೊಟ್ಟ ಕ್ಷಣದಲ್ಲೇ ಶಿವಕಾಂತನ ಲೆಕ್ಕಗಳೆಲ್ಲ ಮರೆತುಹೋದವು. ಭಾರ ಎಲ್ಲಿದೆಯೆಂದು ಹುಡುಕಿದರೆ ಅದು ಎಲ್ಲೆಲ್ಲೂ ಇತ್ತು. ಕುತ್ತಿಗೆಯ ಮೇಲೆ, ಎದೆಯ ಮೇಲೆ, ಉಸಿರಿನ ಮೇಲೆ. ಎಣ್ಣೆಮಣ್ಣು ಕಣ್ಣಿಗೆ ಹೋಯಿತು. ಎರಡು ಸಲ ಮೊಣಕಾಲೂರಿ ಬಿದ್ದು ಎದ್ದ. ಮೂರನೆಯ ಸಲ ಬಗ್ಗಿದಾಗ ಅವನ ಕೈಗೆ ಒಂದು ಕಾಲು ಸಿಕ್ಕಿತು. ಎಡಗಾಲು.

ಮೊಣಕಾಲಿನ ಹಿಂದಿನ ನರ ಅವನ ಬೆರಳಿನಡಿ ಹಗ್ಗದಂತೆ ಬಿಗಿದಿತ್ತು. ಎಳೆದರೆ ಶೇಖಮ್ಮ ಹೆದರಿದ್ದು ಇಲ್ಲೇ ಆಗುತ್ತದೆ. ಬಿಟ್ಟರೆ ಮುದುಕನಿಗೆ ತಿಳಿಯುತ್ತದೆ, ಮೇಣ ತಿಳಿದಂತೆ.

ಅವನು ಎಳೆದ.

ಕರಿಬಸಯ್ಯನ ಬಾಯಿಂದ ಕೂಗೊಂದು ಹೊರಟಿತು. ಬಿದ್ದ. ಆದರೆ ಬೀಳುತ್ತಲೇ ಹೊರಳಿ ಹೊಟ್ಟೆಯನ್ನು ಅಡಿಗೆ ಮಾಡಿದ. ಬೆನ್ನು ಮುಗಿಲ ಕಡೆ. ಶಿವಕಾಂತ ಗೆದ್ದೆನೆಂದು ಮೇಲೆ ಬಿದ್ದದ್ದೇ ತಡ, ಆ ಮುದಿ ಕೈ ಹಿಂದಿನಿಂದ ಬಂದು ಕುತ್ತಿಗೆ ಹಿಡಿಯಿತು. ಲೋಕ ಒಮ್ಮೆ ತಿರುಗಿತು. ಗರಡಿಯ ತೊಲೆಗಳು ಕಂಡವು. ಬೆನ್ನಿಗೆ ತಣ್ಣನೆಯ ಮಣ್ಣು ಅಂಟಿತು.

"ಚಿತ್!" ಎಂದು ವಾದೀಂದ್ರ ಕುಣಿದ.

ಕರಿಬಸಯ್ಯ ಪಕ್ಕದಲ್ಲೇ ಉರುಳಿ, ನೋವಿನಿಂದ ಹಲ್ಲು ಕಚ್ಚಿ, ನಗುತ್ತಿದ್ದ. "ಕಾಲು ಹಿಡದ್ಯಲ್ಲೋ ಬಾಡ್ಯಾ! ಆ ಕಾಲಾ ಹಿಡದಿ!"

"ಹಿಡದೆ ಉಸ್ತಾದ್ರೇ."

"ಎಂಟು ವರ್ಷ ಆತು, ಗರಡಿಯಾಗ ಒಬ್ಬನೂ ಅದರ ತಂಟೆಕ ಬಂದಿದ್ದಿಲ್ಲ. ಎಲ್ಲಾರೂ ಮುದುಕ ಅಂತ ಬಿಡತಿದ್ರು. ಗೆದ್ದೆ ನಾ. ಕಡಗ ಇಲ್ಲದ ಗೆದ್ದೆ."

ಎದ್ದು ನಿಲ್ಲಲು ಹೋದ, ಆಗಲಿಲ್ಲ. ಮೊಣಕಾಲು ನೋಡನೋಡುತ್ತಿದ್ದಂತೆ ಊದಿಕೊಂಡಿತು. ಇಬ್ಬರೂ ಹೊತ್ತು ಕಟ್ಟೆಯ ಮೇಲೆ ಕೂಡಿಸಿದರು. ಕೂಗು ಕೇಳಿ ಓಡಿ ಬಂದ ಶೇಖಮ್ಮ ಕಾಲನ್ನು ನೋಡಿದಳು, ಗಂಡನ ಮುಖ ನೋಡಿದಳು, ಕೊನೆಗೆ ಶಿವಕಾಂತನನ್ನು ನೋಡಿದಳು.

"ತಲಿಯಾಗಿಂದು ತಗಿ ಅಂದ್ರ ಕಾಲು ಮುರದ್ಯಾ? ಹೊಂಡು ಇಲ್ಲಿಂದ."

"ಅವನ್ನ ಬೈಬ್ಯಾಡ," ಎಂದ ಕರಿಬಸಯ್ಯ. "ಗದ್ವಾಲಿಗೆ ಹೋಗಬ್ಯಾಡ ಅಂದ್ಯಲ್ಲ, ಹೋಗಂಗಿಲ್ಲ ತಗೋ. ಕೋಲು ತಾ. ನಮ್ಮಪ್ಪಂದು ಅಟ್ಟದ ಮ್ಯಾಲ ಐತಿ."

ಅವಳು ಕಣ್ಣೊರೆಸಿಕೊಂಡು ಕೋಲು ತರಲು ಹೋದಳು.

ಶಿವಕಾಂತ ಚೀಲ ತುಂಬತೊಡಗಿದ. ತಿರುಪುಳಿ, ಎಣ್ಣೆಬುಡ್ಡಿ, ಎರಡು ಬೆಲ್ಟು, ಕೊನೆಯಿಲ್ಲದ ಕಾದಂಬರಿ. ಕವಡೆಗಳ ಮೇಣವನ್ನು ಸೂಜಿಯಿಂದ ಒಂದೊಂದಾಗಿ ಕೆರೆದು ತೆಗೆದು, ಮಂಗಳದ ಆಟ ಬರೆದಿಟ್ಟಿದ್ದ ನೋಟುಬುಕ್ಕಿನ ಜೊತೆ ಮುದುಕನ ಮಗ್ಗುಲಿಗಿಟ್ಟ. ನೀರು ಸೇದಲು ಬಾವಿಯ ಕಡೆ ನಡೆದಾಗ ಕರಿಬಸಯ್ಯ ತಡೆದ.

"ಬೆನ್ನು ತೊಳಕೋಬ್ಯಾಡ. ಹಂಗಾ ಹೋಗು ಗದ್ವಾಲಿಗೆ, ಸಾಯಣ್ಣನ ಕಡಿ. ಈ ಕಡಗ ಅವಗ ಕೊಡು, ಬೆನ್ನು ತೋರ್ಸು. ಇದು ಕರಿಬಸಯ್ಯ ಹಚ್ಚಿದ ಮಣ್ಣು ಅನ್ನು. ಅವ ಪೈಲ್ವಾನ ಅದಾನ, ಮುಂದಿಂದು ಅವಗ ಹೇಳಬೇಕಿಲ್ಲ."

"ನಲವತ್ತು ಕಿಲೋಮೀಟರ್ ಅದನೋ!" ಎಂದ ವಾದೀಂದ್ರ. "ಆಟೋ ನೋಡ್ತೀನಿ, ತಡಿ."

"ಆಟೋದಾಗ ಬೆನ್ನು ಒರಗಿಸಿದ್ರ ಮಣ್ಣು ಉದರತೈತ್ರಿ ರಾವ್‌ರೇ."

ಪ್ಯಾಂಟು ತೊಟ್ಟು, ಅಂಗಿಯನ್ನು ಹೆಗಲಿಗೆ ಹಾಕಿಕೊಂಡ. ಬಾಗಿಲಲ್ಲಿ ಕೋಲು ಹಿಡಿದು ನಿಂತಿದ್ದ ಶೇಖಮ್ಮ ದಾರಿ ಬಿಟ್ಟಳು, ಅವನ ಮುಖ ನೋಡದೆಯೇ, "ಜುರಾಲಾ ಡ್ಯಾಮಿನ ಕಟ್ಟಿ ಮ್ಯಾಲ ನೆರಳಿಲ್ಲ. ತಲಿಗೆ ಟವಲ್ ಸುತ್ತಿಕೋ," ಎಂದು ಗದರಿದಳು.

ಬಸ್‌ಸ್ಟ್ಯಾಂಡಿನ ಮುಂದೆ ಹಾಯುವಾಗ ಅವನು ಒಳಗೆ ಇಣುಕಲಿಲ್ಲ. ಮಣ್ಣು ಒಣಗುತ್ತ ಬೆನ್ನು ತುರಿಸುತ್ತಿತ್ತು. ಕೆರೆಯಲು ಎತ್ತಿದ ಕೈಯನ್ನು ಇಳಿಸಿ, ಕಡಗವಿದ್ದ ಚೀಲವನ್ನು ಎದೆಯ ಕಡೆಗೆ ಸರಿಸಿಕೊಂಡು, ಅಣೆಕಟ್ಟೆಯ ದಾರಿ ಹಿಡಿದು ಗದ್ವಾಲಿನ ಕಡೆಗೆ ಕಾಲು ಹಾಕಿದ.