ನಾನು ಎತ್ತಿದರೆ ಮಾತ್ರ ನಾನು

೨೦೨೩ರ ಮಾರ್ಚ್ ೧೯, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಹದಿನೆಂಟು ನಿಮಿಷಕ್ಕೆ ಬೀಗದಮ್ಮ ತನ್ನ ಕೈಯಾರೆ ತನ್ನನ್ನೇ ಹೊರಗೆ ಹಾಕಿಕೊಂಡಳು.

ಅವಳು ಆಮೆಗಳ ಸಂಶೋಧನಾ ಕೇಂದ್ರದ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವಳು. ಕಂಡದ್ದಕ್ಕೆಲ್ಲ ಪಾಸ್‌ವರ್ಡ್ ಹಾಕುತ್ತಾಳೆಂದು ಸಹೋದ್ಯೋಗಿಗಳು ಇಟ್ಟ ಹೆಸರು ಬೀಗದಮ್ಮ. ಆ ಹೆಸರು ಅವಳಿಗೆ ಒಳಗೊಳಗೇ ಇಷ್ಟ. ಕೇಂದ್ರದಲ್ಲಿ ಒಂದು ದೊಡ್ಡ ಕಂಪ್ಯೂಟರ್ ಇದೆ. ಅದರೊಳಗೆ ನಾಲ್ಕು ವರ್ಚುವಲ್ ಯಂತ್ರಗಳು, ಒಂದೇ ಮನೆಯಲ್ಲಿ ಬೇರೆ ಒಲೆ ಹೂಡಿದ ನಾಲ್ವರು ಅಣ್ಣತಮ್ಮಂದಿರಂತೆ, ತಮ್ಮ ಪಾಡಿಗೆ ತಾವು ಸಂಸಾರ ಮಾಡುತ್ತವೆ. ಮೂರನೆಯ ಯಂತ್ರದ ಕೆಲಸ ಮೊಟ್ಟೆಗಳ ಪೆಟ್ಟಿಗೆಯನ್ನು ಹದವಾಗಿ ಬೆಚ್ಚಗಿಡುವುದು. ಪೆಟ್ಟಿಗೆಯಲ್ಲಿ ಅಪರೂಪದ ಜಾತಿಯ ನಲವತ್ತಾರು ಆಮೆಮೊಟ್ಟೆಗಳಿದ್ದವು. ನಾಲ್ಕು ವರ್ಷ ಕಾಯಿಸಿದ ಮೇಲೆ ಕೇಂದ್ರದಲ್ಲಿದ್ದ ಆ ಜಾತಿಯ ಒಂದೇ ಹೆಣ್ಣಾಮೆ ದೊಡ್ಡಮನಸ್ಸು ಮಾಡಿ ಇಟ್ಟದ್ದು ಇದೊಂದು ಸಲ.

ಆ ಬೆಳಿಗ್ಗೆಯ ಕೆಲಸ ಸಣ್ಣದು. ಪೆಟ್ಟಿಗೆಗೆ ಹೊಸದಾಗಿ ಒಂದು ಸೈರನ್ ಜೋಡಿಸಿದ್ದರು. ಶಾಖ ಮೂವತ್ತಮೂರು ಡಿಗ್ರಿ ಮುಟ್ಟಿದರೆ ಅದು ಕೂಗಬೇಕು. ಹಳೆಯ ಸೈರನ್ ಒಳಗೆ ಇರುವೆಗಳು ಗೂಡು ಕಟ್ಟಿ, ಪರೀಕ್ಷೆಯ ದಿನ ಅದು ಬಾಯಿಬಿಡದೆ ಕೂತಿತ್ತು. ಹೊಸದಕ್ಕೂ ಪರೀಕ್ಷೆ ಆಗಲಿ ಎಂದು ಕೇಂದ್ರದ ವಿಜ್ಞಾನಿ, ಎಲ್ಲರ ಬಾಯಲ್ಲಿ ಆಮೆ ಮೇಷ್ಟ್ರು, ಹೇಳಿದ್ದರು. "ಮನೆಯಿಂದಲೇ ಶಾಖದ ಗುರಿ ಮೂವತ್ತಾರಕ್ಕೆ ಏರಿಸಿ. ಸೈರನ್ ಕೂಗಿದ್ದು ಪರದೆ ಮೇಲೆ ಕಾಣುತ್ತೆ, ತಕ್ಷಣ ಇಳಿಸಿಬಿಡಿ. ಮೂವತ್ತನಾಲ್ಕು ದಾಟಿದರೆ ಮೊಟ್ಟೆ ಬೆಂದ ಹಾಗೇ."

ಬೀಗದಮ್ಮ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, ದೂರದಿಂದ ಮೂರನೆಯ ಯಂತ್ರದೊಳಗೆ ಹೊಕ್ಕು, ಗುರಿಯನ್ನು ಮೂವತ್ತಾರಕ್ಕೆ ಏರಿಸಿದಳು. ಕಾಯುತ್ತ ಕೂತವಳ ಕಣ್ಣಿಗೆ ಪರದೆಯ ಮೂಲೆಯಲ್ಲಿ ಕೆಂಪು ಸಾಲುಗಳು ಬಿದ್ದವು. ಯಾರೋ ಅಪರಿಚಿತ ವಿಳಾಸದಿಂದ ಅದೇ ಯಂತ್ರದ ಬಾಗಿಲು ಬಡಿಯುತ್ತಿದ್ದರು. ತಪ್ಪು ಪಾಸ್‌ವರ್ಡ್, ಮತ್ತೆ ತಪ್ಪು, ಮತ್ತೂ ತಪ್ಪು.

ಅವಳ ಮೈ ಉರಿದುಹೋಯಿತು. ಹೊರಗಿನಿಂದ ಬರುವ ಬಾಗಿಲನ್ನೇ ಮುಚ್ಚಿಬಿಟ್ಟರೆ ಕಳ್ಳ ಏನು ಮಾಡಿಯಾನು? ಆ ದಾರಿಯನ್ನು ಬಂದ್ ಮಾಡುವ ಆಜ್ಞೆ ಬರೆದು ಗುಂಡಿ ಒತ್ತಿದಳು. ಕೆಂಪು ಸಾಲುಗಳು ನಿಂತವು. ಪರದೆಯೂ ನಿಂತಿತು. ಅವಳು ಒಳಗೆ ಹೋಗಿದ್ದೂ ಅದೇ ಬಾಗಿಲಿನಿಂದ.

ಮೊದಲು ಹೊಸ ದಾರಿ ತೆರೆದು, ಅದು ಸರಿಯಿದೆಯೆಂದು ನೋಡಿ, ಆಮೇಲೆ ಹಳೆಯದನ್ನು ಮುಚ್ಚಬೇಕು ಎಂದು ತರಬೇತಿಯಲ್ಲಿ ಎಲ್ಲರಿಗೂ ಪಾಠ ಹೇಳುವವಳು ಅವಳೇ. ಇನ್ನೊಂದು ದಾರಿ ಇತ್ತು. ದೊಡ್ಡ ಕಂಪ್ಯೂಟರಿನ ಮೂಲಕ ನೇರವಾಗಿ ಇಳಿಯಬಹುದಿತ್ತು. ಅದಕ್ಕೆ ಬೇಕಾದ ಗುಪ್ತಸಂಖ್ಯೆ ಕೊಡುವ ಪುಟ್ಟ ಸಾಧನವನ್ನು ಸುರಕ್ಷತೆಯ ದೃಷ್ಟಿಯಿಂದ ಕಚೇರಿಯ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ್ದಳು.

"ಏನಾಯ್ತೇ? ಮುಖ ಸುಣ್ಣ ಬಳಿದ ಹಾಗಾಗಿದೆ," ಎಂದರು ಅತ್ತೆ.

"ಬಾಗಿಲು ಹಾಕ್ದೆ ಅತ್ತೆ. ನಾನು ಹೊರಗೆ ಉಳ್ಕೊಂಡೆ."

ಅತ್ತೆ ಮನೆಯ ಬಾಗಿಲನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿದರು. "ಮನೆ ಒಳಗೆ ಕೂತ್ಕೊಂಡೇ ಹೊರಗೆ ಉಳಿದವಳನ್ನ ಇದೇ ಮೊದಲು ನೋಡ್ತಿರೋದು."

ಬೀಗದಮ್ಮ ಆಮೆ ಮೇಷ್ಟ್ರಿಗೆ ಫೋನ್ ಮಾಡಿದಳು. ಅವರು ತಂಗಿಯ ಮನೆಯಲ್ಲಿದ್ದರು, ಕೇಂದ್ರಕ್ಕೆ ಎರಡು ಗಂಟೆಯ ದಾರಿ. ಅವಳು ಬಾಯಿ ತೆರೆಯುವ ಮೊದಲೇ ಅವರದ್ದು ಶುರುವಾಯಿತು. "ನಾನೇ ಮಾಡೋಣ ಅಂತಿದ್ದೆ ನೋಡಿ. ಭಾವನ ಕಂಪ್ಯೂಟರಿಂದ ಮೊಟ್ಟೆ ನೋಡೋಣ ಅಂದ್ರೆ ಪಾಸ್‌ವರ್ಡ್ ತಗೊಳ್ತಾನೇ ಇಲ್ಲ. ಆಮೆಮರಿ ಒಂದು ಎರಡು ಮೂರು ಅಂತ ತಾನೇ ಇದ್ದಿದ್ದು? ಈಗಂತೂ ಬಾಗಿಲೇ ಕಾಣಿಸ್ತಿಲ್ಲ."

ಬೀಗದಮ್ಮ ಕಣ್ಣು ಮುಚ್ಚಿಕೊಂಡಳು. ಕಳ್ಳ ಸಿಕ್ಕಿಬಿದ್ದಿದ್ದ. ಪಾಸ್‌ವರ್ಡನ್ನೂ ತಾನಾಗಿಯೇ ಬಾಯಿಬಿಟ್ಟಿದ್ದ.

ವಿಷಯ ತಿಳಿದ ಮೇಷ್ಟ್ರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಆಮೇಲೆ ಮೆಲ್ಲಗೆ, "ಹತ್ತು ನಿಮಿಷಕ್ಕೆ ಒಂದು ಡಿಗ್ರಿ ಏರುತ್ತೆ. ಈಗ ಮೂವತ್ತು ಇರಬಹುದು. ಕಾವಲುಗಾರನಿಗೆ ಹೇಳಿ ಹೀಟರ್ ಪ್ಲಗ್ ಕೀಳಿಸಿ. ನಾನು ಹೊರಟೆ," ಎಂದರು.

ಕೇಂದ್ರಕ್ಕೆ ಅವಳ ಮನೆಯಿಂದ ಸ್ಕೂಟರಿನಲ್ಲಿ ಒಂದು ಗಂಟೆ. ಫೋನಿಗೆ ಕೈ ಬಿಡುವಿರಲೆಂದು ಅತ್ತೆಯೇ ಗಾಡಿ ತೆಗೆದರು. ಅವರು ಡ್ರೈವಿಂಗ್ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಹಿಂದೆ ಕೂತ ಸೊಸೆ ಕಾವಲುಗಾರನಿಗೆ ಫೋನ್ ಹಚ್ಚಿದಳು.

"ನಾನು ಕಣ್ರೀ, ಕಂಪ್ಯೂಟರ್ ವಿಭಾಗದವಳು. ಬೇಗ ಮೊಟ್ಟೆ ಕೋಣೆಗೆ ಹೋಗಿ ಹೀಟರ್ ಪ್ಲಗ್ ಕಿತ್ತುಬಿಡಿ."

ಆ ಕಡೆಯಿಂದ ಬಹಳ ಗಂಭೀರವಾದ ದನಿ ಬಂತು. "ನೀವು ಯಾರು ಅಂತ ನಂಗೆ ಹೇಗೆ ಗೊತ್ತಾಗಬೇಕು?"

"ದನಿ ಗೊತ್ತಾಗಲ್ವೇನ್ರೀ?"

"ದನಿ ಅವರದ್ದೇ. ಅದಕ್ಕೇ ಅನುಮಾನ. ಈಗೆಲ್ಲ ದನೀನೂ ನಕಲು ಮಾಡ್ತಾರಂತೆ. ನಮ್ಮ ಮೇಡಮ್ಮೇ ಹೇಳಿದ್ದಾರೆ."

ಹೇಳಿದ್ದು ನಿಜ. ಹೋದ ತಿಂಗಳ ತರಬೇತಿಯಲ್ಲಿ ಅವಳು ಮೇಜು ಕುಟ್ಟಿ ಹೇಳಿದ್ದಳು: ಫೋನಿನಲ್ಲಿ ಯಾರೇ ಹೇಳಲಿ, ನಾನೇ ಹೇಳಲಿ, ಯಂತ್ರ ಮುಟ್ಟಬೇಡಿ. ಫೋನ್ ಇಟ್ಟು ನನ್ನ ಕಚೇರಿಯ ನಂಬರಿಗೆ ವಾಪಸ್ ಮಾಡಿ. ನಾನು ಎತ್ತಿದರೆ ಮಾತ್ರ ನಾನು. ಮೊದಲ ಬೆಂಚಿನಲ್ಲಿ ಕೂತು ಇದನ್ನು ತಪ್ಪಿಲ್ಲದೆ ಒಪ್ಪಿಸಿದ ಕಾವಲುಗಾರನಿಗೆ ಬಹುಮಾನವಾಗಿ ಒಂದು ಕಾಫಿ ಕಪ್ಪನ್ನೂ ಕೊಟ್ಟಿದ್ದಳು.

"ಇರಿ, ನಿಯಮದ ಪ್ರಕಾರ ವಾಪಸ್ ಮಾಡ್ತೀನಿ," ಎಂದು ಅವನು ಫೋನ್ ಇಟ್ಟ. ಎರಡು ನಿಮಿಷದ ನಂತರ ಅವಳೇ ಮತ್ತೆ ಮಾಡಿದಳು.

"ಮಾಡಿದೆ," ಎಂದ ಅವನು. "ಪಕ್ಕದ ಕೋಣೆಯಲ್ಲೇ ರಿಂಗ್ ಆಗ್ತಿತ್ತು, ಗೋಡೆ ಆಚೆ ಕೇಳಿಸ್ತು. ಯಾರೂ ಎತ್ತಲಿಲ್ಲ. ಅಂದ್ಮೇಲೆ ನೀವು ಅವರಲ್ಲ."

"ನಾನು ಇಲ್ಲಿ ಸ್ಕೂಟರ್ ಮೇಲಿದ್ದೀನಿ. ಅಲ್ಲಿ ಹೇಗ್ರೀ ಎತ್ತಲಿ?"

"ಕಳ್ಳರೂ ಹಾಗೇ ಹೇಳ್ತಾರೆ. ಅವಸರ ಮಾಡ್ತಾರೆ, ಗಾಬರಿ ಹುಟ್ಟಿಸ್ತಾರೆ. ಅದೂ ಪಾಠದಲ್ಲಿದೆ."

"ಬಹುಮಾನ ಕೊಟ್ಟೆನಲ್ಲ ನಿಮಗೆ, ಹಸಿರು ಬಣ್ಣದ ಕಾಫಿ ಕಪ್?"

"ಅದು ನಿಮಗೂ ಗೊತ್ತಾಗಿಹೋಗಿದೆಯಾ," ಎಂದು ಅವನು ನಿಜಕ್ಕೂ ನೊಂದ. "ಎಷ್ಟು ಒಳಗೆ ನುಗ್ಗಿದ್ದೀರಿ ನೀವು."

ಬೀಗದಮ್ಮ ಅತ್ತೆಯ ಭುಜ ಹಿಡಿದು ಅಲುಗಿಸಿದಳು. "ಅತ್ತೆ, ಸ್ವಲ್ಪ ಜೋರಾಗಿ ಹೋಗಿ."

"ನಲವತ್ತು ಅಂತ ಬೋರ್ಡಿದೆ," ಎಂದರು ಅತ್ತೆ.

"ರಸ್ತೆ ಖಾಲಿ ಇದೆ."

"ಬೋರ್ಡ್ ಇದೆ."

ಒಂದೇ ಆಸೆ ಉಳಿದಿತ್ತು. ಸೈರನ್ ಕೂಗಿದರೆ ಯಾರನ್ನೂ ಕೇಳದೆ ಹೀಟರ್ ಪ್ಲಗ್ ಕಿತ್ತು ಪೆಟ್ಟಿಗೆಯ ಮುಚ್ಚಳ ತೆರೆಯಬೇಕು ಎಂಬುದು ಆಮೆ ಮೇಷ್ಟ್ರು ಕಾವಲುಗಾರನಿಗೆ ಹಾಕಿಕೊಟ್ಟ ಕಟ್ಟಪ್ಪಣೆ. ಯಾರ ಮಾತನ್ನೂ ನಂಬದವನು ಸೈರನ್ನಿನ ಮಾತನ್ನು ನಂಬುತ್ತಾನೆ. ಆದರೆ ಅದು ಕೂಗುತ್ತದೆಯೇ ಎಂದು ಇದುವರೆಗೆ ಯಾರಿಗೂ ಗೊತ್ತಿರಲಿಲ್ಲ. ಅದನ್ನು ತಿಳಿಯಲೆಂದೇ ಇಷ್ಟೆಲ್ಲ ಹಚ್ಚಿಕೊಂಡದ್ದು.

ಗಡಿಯಾರ ಹತ್ತು ಐವತ್ತೈದು ದಾಟಿತ್ತು. ಮೇಷ್ಟ್ರ ಲೆಕ್ಕ ಸರಿಯಿದ್ದರೆ ಪೆಟ್ಟಿಗೆ ಈಗ ಮೂವತ್ತಮೂರರ ಹೊಸ್ತಿಲಲ್ಲಿರಬೇಕು. ಅವಳು ಮತ್ತೆ ಫೋನ್ ಮಾಡಿದಳು. "ಏನೂ ಮಾಡಬೇಡಿ ನೀವು. ಸೈರನ್ ಏನಾದ್ರೂ ಕೂಗ್ತಿದೆಯಾ, ಅಷ್ಟು ಹೇಳಿ."

"ನಮ್ಮಲ್ಲಿ ಸೈರನ್ ಇದೆಯೋ ಇಲ್ಲವೋ ಅನ್ನೋದನ್ನ ಹೊರಗಿನವರಿಗೆ ಹೇಳೋ ಹಾಗಿಲ್ಲ."

"ಸರಿ. ಫೋನ್ ಮಾತ್ರ ಇಡಬೇಡಿ. ಸುಮ್ನೆ ಮಾತಾಡ್ತಿರಿ."

"ಏನು ಮಾತಾಡ್ಲಿ ನಿಮ್ಮ ಹತ್ರ? ಒಂದು ಬುದ್ಧಿಮಾತು ಹೇಳ್ತೀನಿ. ಓದಿದವರ ಹಾಗೆ ಕಾಣ್ತೀರಿ. ಈ ಕಸುಬು ಬಿಟ್ಟು ಎಲ್ಲಾದ್ರೂ ಮರ್ಯಾದೆಯಾಗಿ ಕೆಲಸಕ್ಕೆ ಸೇರ್ಕೊಳ್ಳಿ. ನಮ್ಮ ಮೇಡಮ್ಮನ್ನೇ ನೋಡಿ, ಭಾನುವಾರ ಅಂತ ಮನೇಲಿ ನೆಮ್ಮದಿಯಾಗಿ..."

ಅವನ ಮಾತಿನ ಹಿಂದೆ ಎಲ್ಲೋ ಕರುವೊಂದು ಅರಚಿದಂತೆ ಸದ್ದು ಎದ್ದು, ನಡುಗಿ, ನಿಂತುಹೋಯಿತು. ಬೀಗದಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಸದ್ದು ಮತ್ತೆ ಎದ್ದಿತು. ಈ ಸಲ ನಿಲ್ಲಲಿಲ್ಲ, ಊರೆಲ್ಲ ಕೇಳುವಂತೆ ಕಿರುಚಿತು.

"ನಂಗೆ ಕೆಲಸ ಇದೆ," ಎಂದು ಕಾವಲುಗಾರ ಫೋನ್ ಕುಕ್ಕಿದ.

ಅವಳು ಹೆಲ್ಮೆಟ್ ಹಾಕಿದ ತಲೆಯನ್ನು ಅತ್ತೆಯ ಬೆನ್ನಿಗೆ ಒರಗಿಸಿದಳು. ಅತ್ತೆ ನಲವತ್ತರಲ್ಲೇ ಹೋದರು.

ಹನ್ನೊಂದೂವರೆಗೆ ಕೇಂದ್ರ ಮುಟ್ಟಿದಾಗ ಕಾವಲುಗಾರ ಗೇಟಿನಲ್ಲಿ ಎದೆಯುಬ್ಬಿಸಿ ನಿಂತಿದ್ದ. "ಮೇಡಂ, ಒಳ್ಳೇ ಹೊತ್ತಿಗೆ ಬಂದ್ರಿ. ನಿಮ್ಮ ದನಿ ಮಾಡ್ಕೊಂಡು ಒಬ್ಬಳು ಎಷ್ಟು ಕಾಟ ಕೊಟ್ಟಳು ಗೊತ್ತಾ? ಬಿಡಲಿಲ್ಲ ನಾನು. ಅಷ್ಟರಲ್ಲಿ ಸೈರನ್ನೂ ಕೂಗ್ತು. ಪ್ಲಗ್ ಕಿತ್ತು ಮುಚ್ಚಳ ತೆಗೆದೆ. ಇದೆಲ್ಲದರ ಹಿಂದೆ ಅವಳದ್ದೇ ಕೈವಾಡ ಇರ್ಬೇಕು."

"ಅವಳದ್ದೇ," ಎಂದಳು ಬೀಗದಮ್ಮ. "ಬಹಳ ಒಳ್ಳೇದು ಮಾಡಿದ್ರಿ. ಈಗ ಗೇಟ್ ತೆಗೀರಿ."

ಅವನು ಅಂಗೈ ಚಾಚಿದ. "ಕಾರ್ಡು?"

ಗುರುತಿನ ಚೀಟಿ ಊಟದ ಮೇಜಿನ ಮೇಲೆ, ಲ್ಯಾಪ್‌ಟಾಪಿನ ಪಕ್ಕದಲ್ಲಿತ್ತು. ಕಾರ್ಡಿಲ್ಲದೆ ಬಂದವರನ್ನು, ಮುಖ ಪರಿಚಯವಿದ್ದರೂ, ಒಳಗೆ ಬಿಡಬಾರದು ಎಂಬ ನಿಯಮವೂ ಅವಳದ್ದೇ.

"ಎಷ್ಟು ಬಾಗಿಲ ಹೊರಗೆ ನಿಲ್ತೀಯೇ ಒಂದೇ ದಿನ," ಎಂದು ಅತ್ತೆ ಗಾಡಿಗೆ ಸ್ಟ್ಯಾಂಡ್ ಹಾಕಿದರು.

ಕಾವಲುಗಾರ ತಲೆ ಕೆರೆದುಕೊಂಡ. ಮೇಷ್ಟ್ರು ದಾರಿಯಲ್ಲಿದ್ದಾರೆಂದು ಅವಳು ಹೇಳಿದ ಮೇಲೆ, ಅವರು ಕಾರ್ಡಿನೊಂದಿಗೆ ಬರುವವರೆಗೆ ಬೇಕಾದರೆ ಬೇಲಿಯ ಹೊರಗಿನಿಂದ ಕಿಟಕಿಯಲ್ಲಿ ನೋಡಬಹುದು, ನೋಡುವುದಕ್ಕೆ ನಿಯಮವಿಲ್ಲ ಎಂದ. ಬೀಗದಮ್ಮ ಬೇಲಿಗೆ ಹಣೆ ಒತ್ತಿ ನಿಂತಳು. ಮುಚ್ಚಳ ತೆರೆದ ಪೆಟ್ಟಿಗೆ, ಮರಳಿನಲ್ಲಿ ಅರ್ಧ ಹೂತ ಬಿಳಿ ಮೊಟ್ಟೆಗಳು, ಪಕ್ಕದಲ್ಲಿ ಕಿತ್ತಿಟ್ಟ ಪ್ಲಗ್ ಕಂಡವು. ಅತಿ ಹೆಚ್ಚು ಮುಟ್ಟಿದ ಶಾಖವನ್ನೂ ಈಗಿನದನ್ನೂ ತೋರಿಸುವ ಥರ್ಮಾಮೀಟರಿನ ಅಂಕಿಗಳು ಮಾತ್ರ ಅವಳ ಕನ್ನಡಕಕ್ಕೆ ಎಟುಕಲಿಲ್ಲ. ದೂರದ ಬೋರ್ಡುಗಳನ್ನು ಓದಿಯೇ ಬಾಳಿದ ಅತ್ತೆ ಪಕ್ಕಕ್ಕೆ ಬಂದು, ಕಣ್ಣು ಕಿರಿದು ಮಾಡಿ, ಓದಿ ಹೇಳಿದರು.

ಅತಿ ಹೆಚ್ಚು ಮುಟ್ಟಿದ್ದು ಮೂವತ್ತಮೂರು ಪಾಯಿಂಟ್ ಎರಡು. ಈಗ ಇಪ್ಪತ್ತೊಂಬತ್ತು ಪಾಯಿಂಟ್ ಎಂಟು ಡಿಗ್ರಿ ಸೆಲ್ಸಿಯಸ್.